ಮೂರು ಯೂನಿಟ್ಟಿನ ನೆಂಟ

ನಮ್ಮ ತೀರ್ಥಹಳ್ಳಿ ಕಡೆ ಎಲೆಕ್ಟ್ರಿಕ್ ಸ್ಕೂಟರ್ ಇಟ್ಟುಕೊಂಡವರಿಗೆ ಮೂರು ಪ್ರಶ್ನೆ ಗ್ಯಾರಂಟಿ. ‘ಎಷ್ಟು ಕೊಡುತ್ತೆ?’ ‘ಬ್ಯಾಟರಿ ಹೋದ್ರೆ ಎಷ್ಟು?’ ‘ಮಳೇಲಿ ಶಾಕ್ ಹೊಡೆಯಲ್ವಾ ಮಾರಾಯ್ರೆ?’ ಹೇಳಿ ಹೇಳಿ ಉತ್ತರ ನನಗೆ ಬಾಯಿಪಾಠ ಆಗಿದೆ. ಕಂಪನಿ ಲೆಕ್ಕದಲ್ಲಿ ನೂರಿಪ್ಪತ್ತು ಕಿಲೋಮೀಟರ್, ನಮ್ಮ ರಸ್ತೆ ಲೆಕ್ಕದಲ್ಲಿ ತೊಂಬತ್ತು, ಹಿಂದೆ ಹೆಂಡತಿ ಮುಂದೆ ಸಂತೆ ಚೀಲ ಇದ್ದರೆ ಎಂಬತ್ತು. ಬ್ಯಾಟರಿ ಹೋದರೆ ಎಷ್ಟು ಅಂತ ನಾನು ವಿಚಾರಿಸಲು ಹೋಗಿಲ್ಲ. ಕೆಲವು ಸಂಗತಿ ತಿಳಿಯದಿದ್ದರೆ ನಿದ್ದೆ ಚೆನ್ನಾಗಿ ಬರುತ್ತದೆ. ಶಾಕ್ ಹೊಡೆಯುವುದಿಲ್ಲ. ಆಗುಂಬೆಯನ್ನು ಪಕ್ಕದಲ್ಲೇ ಇಟ್ಟುಕೊಂಡ ನಮಗೆ ಮಳೆಗೆ ಹೆದರುವ ಗಾಡಿ ಮಾರುವ ಧೈರ್ಯ ಯಾರಿಗಿದೆ?

‘ಪಿನ್ನು ಎಲ್ಲಿ ಹಾಕ್ತೀರಿ?’ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕಥೆ ಇರುವುದೇ ಅಲ್ಲಿ.

ಅದಕ್ಕೆ ಮೊದಲು ನಂಬರ್ ಪ್ಲೇಟಿನ ವಿಷಯ ಹೇಳಿಬಿಡುತ್ತೇನೆ. ಎಲೆಕ್ಟ್ರಿಕ್ ಗಾಡಿಗೆ ಹಸಿರು ಪ್ಲೇಟು, ಅದರ ಮೇಲೆ ಬಿಳಿ ಅಕ್ಷರ. ಬೆಂಗಳೂರಿನಲ್ಲಿ ಇದು ಮಕ್ಕಳಿಗೂ ಗೊತ್ತು. ನಮ್ಮ ಕಾಡಂಚಿನ ಊರುಗಳಲ್ಲಿ ಹಸಿರು ಅಂದರೆ ಫಾರೆಸ್ಟಿನವರು. ಸ್ಕೂಟರ್ ಹೊಸತರಲ್ಲಿ ಒಂದು ಸಂಜೆ ಒಳರಸ್ತೆಯಲ್ಲಿ ಹೋಗುತ್ತಿದ್ದೆ. ಎದುರಿಗೆ ತಲೆ ಮೇಲೆ ಸೌದೆ ಹೊರೆ ಹೊತ್ತ ಅಜ್ಜ. ಪ್ಲೇಟು ಕಂಡದ್ದೇ ತಡ, ಹೊರೆಯನ್ನು ದರೆ ಕೆಳಗೆ ಎಸೆದು, ಹಕ್ಕಿ ನೋಡಲು ಬಂದವರ ಥರ ಆಕಾಶ ನೋಡುತ್ತಾ ನಿಂತರು. ಪಾಪ ಅನಿಸಿತು. ಗಾಡಿ ನಿಲ್ಲಿಸಿ, ‘ಹೆದರಬೇಡಿ ಅಜ್ಜಾ, ಇದು ಕರೆಂಟಿಂದು’ ಅಂದೆ. ಅವರ ಮುಖ ಇನ್ನೂ ಬಿಳಿಚಿಕೊಂಡಿತು. ‘ಕರೆಂಟಿನವರಾ? ಬಿಲ್ಲು ಕಟ್ಟಿದೀನಿ ಸ್ವಾಮಿ!’

ಇನ್ನು ಸದ್ದು. ಪೆಟ್ರೋಲ್ ಗಾಡಿ ಸ್ಟಾರ್ಟ್ ಆಗಿದೆಯೋ ಇಲ್ಲವೋ ಕಿವಿಗೇ ಗೊತ್ತಾಗುತ್ತದೆ. ಇದಕ್ಕೆ ಆ ಮರ್ಯಾದೆ ಇಲ್ಲ. ಅಡಿಕೆ ಕೊಯ್ಲಿನ ಸಮಯದಲ್ಲಿ ಭಾವ ಬಂದಿದ್ದರು. ಅಂಗಳದ ತುಂಬ ಬೇಯಿಸಿದ ಅಡಿಕೆ ಒಣಹಾಕಿತ್ತು. ಪೇಟೆಗೆ ಹೊರಟಿದ್ದೆವು. ನಾನು ಹೆಲ್ಮೆಟ್ ತರಲು ಒಳಗೆ ಹೋದೆ. ಭಾವ ಸೀಟಿನ ಮೇಲೆ ಕೂತು, ಹೇಗೂ ಆಫ್ ಇದೆಯಲ್ಲ ಅಂದುಕೊಂಡು, ಸುಮ್ನೆ ಆಕ್ಸಿಲರೇಟರ್ ತಿರುಗಿಸಿ ನೋಡಿದರು. ಆಫ್ ಇರಲಿಲ್ಲ. ನಾನು ಹೊರಗೆ ಬರುವಷ್ಟರಲ್ಲಿ ಅಡಿಕೆಯ ನಡುವೆ ಅಚ್ಚುಕಟ್ಟಾದ ಒಂದು ರಸ್ತೆ ಆಗಿತ್ತು. ರಸ್ತೆಯ ಕೊನೆಯಲ್ಲಿ ಬಚ್ಚಲ ಸೌದೆ ರಾಶಿ, ರಾಶಿಯ ಮೇಲೆ ಭಾವ. ಮೂಳೆ ಮುರಿದಿರಲಿಲ್ಲ. ಎದ್ದರು, ಪಂಚೆ ಕೊಡವಿದರು, ಗಾಡಿಯ ಕಡೆ ಒಮ್ಮೆ ನೋಡಿ ಹೇಳಿದರು: ‘ಪಿಕಪ್ ಚೆನ್ನಾಗಿದೆ.’

ಸೋಲಾರ್ ಹಾಕಿಸಿದ್ದೂ ಈ ಸ್ಕೂಟರಿನ ದೆಸೆಯಿಂದಲೇ. 2024ರಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂತು. 3 ಕಿಲೋವ್ಯಾಟ್ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ. ಒಳ್ಳೆ ಬಿಸಿಲಿದ್ದರೆ ದಿನಕ್ಕೆ ಹನ್ನೆರಡು ಯೂನಿಟ್ ಹತ್ತಿರ ಸಿಗುತ್ತದೆ. ಸ್ಕೂಟರಿನ ಹೊಟ್ಟೆಗೆ ಮೂರು ಸಾಕು. ಮಿಕ್ಕಿದ್ದು ಲೈನಿಗೆ ಹೋಗಿ ನಮ್ಮ ಲೆಕ್ಕಕ್ಕೆ ಜಮೆ. ಇನ್ನು ಪೆಟ್ರೋಲ್ ಬಂಕೂ ಬೇಡ, ಕರೆಂಟಿನವರ ಹಂಗೂ ಬೇಡ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದಾಯಿತು.

ಏಪ್ರಿಲ್ ತಿಂಗಳ ಮಧ್ಯಾಹ್ನ. ತಲೆ ಸುಡುವ ಬಿಸಿಲು. ಎಲ್ಲೋ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಯಿತು. ನಮಗೇನಂತೆ, ಸೂರ್ಯ ಮಾಡಿನ ಮೇಲೇ ಕೂತಿದ್ದಾನಲ್ಲ ಅಂತ ಫ್ಯಾನ್ ಸ್ವಿಚ್ ಒತ್ತಿದರೆ ರೆಕ್ಕೆ ಅಲುಗಲಿಲ್ಲ. ಚಾರ್ಜಿಗೆ ಹಾಕಿದ್ದ ಸ್ಕೂಟರ್ ಕೂಡ ಕಣ್ಣು ಮುಚ್ಚಿತ್ತು. ಅಮ್ಮ ಅಂಗಳಕ್ಕೆ ಇಳಿದು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು. ‘ಸೂರ್ಯ ಇದ್ದಾನಲ್ಲೋ! ಅವನಿಗೂ ಕರೆಂಟು ಹೋಯ್ತಾ?’

ಸೋಲಾರ್ ಹಾಕಿದ ಹುಡುಗನಿಗೆ ಫೋನ್ ಮಾಡಿದೆ. ಅವನು ತಣ್ಣಗೆ ವಿವರಿಸಿದ. ನಿಮ್ಮದು ಆನ್‌ಗ್ರಿಡ್ ಸರ್. ಲೈನಿನಲ್ಲಿ ಕರೆಂಟು ಇದ್ದರೆ ಮಾತ್ರ ಇನ್ವರ್ಟರ್ ಕೆಲಸ ಮಾಡುತ್ತೆ. ಇಲ್ಲದಿದ್ದರೆ ನಿಮ್ಮ ಮನೆ ಕರೆಂಟು ಲೈನಿಗೆ ನುಗ್ಗಿ, ಕಂಬದ ಮೇಲೆ ರಿಪೇರಿ ಮಾಡೋ ಲೈನ್‌ಮನ್‌ಗೆ ಹೊಡೆಯುತ್ತೆ. ಅದಕ್ಕೇ ಲೈನ್ ಹೋದ ಕ್ಷಣ ಅದೂ ನಿಲ್ಲುತ್ತೆ. ಕರೆಂಟಿಲ್ಲದಾಗಲೂ ಬೇಕು ಅಂದರೆ ಬ್ಯಾಟರಿ ಇರೋ ಹೈಬ್ರಿಡ್ ಹಾಕಿಸಬೇಕು ಸರ್, ಕೊಟೇಶನ್ ಕಳಿಸ್ಲಾ?

ಕಾರಣ ನ್ಯಾಯವಾದದ್ದೇ, ಜೀವದ ಪ್ರಶ್ನೆ. ಆದರೆ ಬಿಸಿಲಲ್ಲಿ ಬೆವರು ಸುರಿಸುತ್ತಾ ಮಾಡಿನ ಮೇಲಿನ ಪ್ಯಾನಲ್‌ಗಳನ್ನು ನೋಡುವಾಗ ನ್ಯಾಯ ತಲೆಗೆ ಹತ್ತುವುದಿಲ್ಲ. ಅಮ್ಮನಿಗೆ ಮಾತ್ರ ವಿಷಯ ಸರಿಯಾಗಿ ಅರ್ಥವಾಯಿತು. ಸೂರ್ಯ ಎಷ್ಟೇ ದೊಡ್ಡವನಾದರೂ ಲೈನ್‌ಮನ್ ಹೂಂ ಅನ್ನಬೇಕು. ಅಂದಿನಿಂದ ಅವರು ನಮ್ಮ ಕಡೆ ಬಂದರೆ ಮಜ್ಜಿಗೆ, ಹಲಸಿನ ಹಪ್ಪಳ, ಹೊರಡುವಾಗ ಒಂದು ಸೀಪು ಬಾಳೆಹಣ್ಣು. ಸೂರ್ಯನಿಗೆ ದಿನಾ ಹಾಕುತ್ತಿದ್ದ ನಮಸ್ಕಾರ ಸ್ವಲ್ಪ ಗಡಿಬಿಡಿಯಲ್ಲಿ ಮುಗಿಯುತ್ತಿದೆ.

ಆರಿದ್ರೆ ಮಳೆ ಹಿಡಿದ ಮೇಲಂತೂ ಕೇಳುವುದೇ ಬೇಡ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ನಮ್ಮ ಪಾಲೂ ಇದೆ. ಪ್ಯಾನಲ್ ಮೇಲೆ ಪಾಚಿ ಕಟ್ಟುತ್ತದೆ, ಮೊಬೈಲ್ ಆ್ಯಪಿನಲ್ಲಿ ‘ಇಂದಿನ ಉತ್ಪಾದನೆ’ ಅನ್ನುವ ಜಾಗ ನೋಡಿದರೆ ಅಳು ಬರುತ್ತದೆ. ಅತ್ತ ಪಾವಗಡದಲ್ಲಿ ಮಳೆ ಇಲ್ಲ ಅಂತ ರೈತರು 13,000 ಎಕರೆ ಗುತ್ತಿಗೆಗೆ ಕೊಟ್ಟು, 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಎದ್ದಿದೆ. ಬಿಸಿಲೆಲ್ಲ ಅಲ್ಲಿ, ಸ್ಕೂಟರ್ ಇಲ್ಲಿ.

ನಮ್ಮ ಕಷ್ಟ ನೋಡಲಾರದೆ ಆಚೆಮನೆಯ ರಿಟೈರ್ಡ್ ಮೇಷ್ಟ್ರು ಒಂದು ಉಪಾಯ ತಂದರು. ‘ಪ್ಯಾನಲ್ ಮಾಡಿನ ಮೇಲ್ಯಾಕೆ? ಸ್ಕೂಟರ್ ಮೇಲೇ ಹಾಕು. ಓಡ್ತಾ ಓಡ್ತಾ ಚಾರ್ಜ್ ಆಗುತ್ತೆ.’ ವಿಜ್ಞಾನದ ಮೇಷ್ಟ್ರಲ್ಲ, ಸಮಾಜ ಪಾಠ ಮಾಡುತ್ತಿದ್ದವರು. ಕ್ಯಾಲೆಂಡರ್ ಹಿಂದುಗಡೆ ಲೆಕ್ಕ ಹಾಕಿದೆವು. ಒಂದು ಚದರ ಮೀಟರ್ ಜಾಗಕ್ಕೆ ನೆತ್ತಿ ಬಿಸಿಲಲ್ಲಿ ಸುಮಾರು 1,000 ವ್ಯಾಟ್ ಬೀಳುತ್ತದೆ. ಪ್ಯಾನಲ್ ಅದರಲ್ಲಿ ಐದನೇ ಒಂದು ಪಾಲು ಹಿಡಿಯುತ್ತದೆ. ನಮ್ಮ ತಲೆ ಮೇಲೆ ಅರ್ಧ ಚದರ ಮೀಟರಿಗಿಂತ ದೊಡ್ಡದು ಕಟ್ಟಿದರೆ ಬಾಳೆಬೈಲಿನ ಗಾಳಿಗೆ ನಾವೇ ಹಾರಿಹೋಗುತ್ತೇವೆ. ಅಂದರೆ 100 ವ್ಯಾಟ್. ಐದು ಗಂಟೆ ಬಿಸಿಲಲ್ಲಿ ನಿಲ್ಲಿಸಿದರೆ ಅರ್ಧ ಯೂನಿಟ್, ಅದರಲ್ಲಿ ಹದಿನೈದು ಕಿಲೋಮೀಟರ್ ಓಡಬಹುದು. ಪೇಟೆಗೆ ಹೋಗಿ ಬರಬೇಕಾದರೆ ಬೆಳಿಗ್ಗೆಯಿಂದ ಸ್ಕೂಟರನ್ನು ಅಡಿಕೆ ಜೊತೆ ಒಣಹಾಕಬೇಕು. ಅಷ್ಟರಲ್ಲಿ ನಾಲ್ಕು ಬಸ್ಸು ಹೋಗಿರುತ್ತವೆ.

‘ಮತ್ತೆ ಆಸ್ಟ್ರೇಲಿಯಾದಲ್ಲಿ ಸೋಲಾರ್ ಕಾರು 3,000 ಕಿಲೋಮೀಟರ್ ಓಡುತ್ತಲ್ಲ?’ ಅಂದರು ಮೇಷ್ಟ್ರು. ಓಡುತ್ತದೆ, ಡಾರ್ವಿನ್‌ನಿಂದ ಅಡಿಲೇಡ್‌ವರೆಗೆ ರೇಸು. ಆದರೆ ಅದರಲ್ಲಿ ಡ್ರೈವರ್ ಅರ್ಧ ಮಲಗಿಕೊಂಡಿರುತ್ತಾನೆ, ದಾರಿಯ ಬಹುಪಾಲು ಮರುಭೂಮಿ, ಮತ್ತು ಅವನ ಹಿಂದೆ ಹಲಸಿನಕಾಯಿ ಹಿಡಿದುಕೊಂಡು ಯಾರೂ ಕೂತಿರುವುದಿಲ್ಲ. ಮೇಷ್ಟ್ರು ಸೋಲುವವರಲ್ಲ. ‘2001ರಲ್ಲಿ ಬೆಂಗಳೂರಿನಲ್ಲಿ ರೇವಾ ಎಲೆಕ್ಟ್ರಿಕ್ ಕಾರು ಬಂದಾಗಲೂ ಜನ ಆಟಿಕೆ ಅಂತ ನಕ್ಕಿದ್ದರು. ಅದೇ ಕಾರು ಜಿ-ವಿಜ್ ಅಂತ ಹೆಸರಿಟ್ಟುಕೊಂಡು ಲಂಡನ್ನಿನ ಬೀದಿಯಲ್ಲಿ ಓಡಲಿಲ್ವಾ?’ ಅಂತ ಹೇಳಿ, ಕ್ಯಾಲೆಂಡರನ್ನೂ ತೆಗೆದುಕೊಂಡು ಹೋದರು. ಆ ತಿಂಗಳ ಹಬ್ಬಹರಿದಿನ ಅವರ ಮನೆಗೇ ಹೋಗಿ ಕೇಳಿ ಬರಬೇಕಾಯಿತು.

ಈಗ ಪಿನ್ನಿನ ವಿಷಯಕ್ಕೆ ಬರುತ್ತೇನೆ. ಹೆಬ್ರಿಯಲ್ಲಿ ಚಿಕ್ಕಮ್ಮನ ಮನೆ. ನಮ್ಮಲ್ಲಿಂದ ಐವತ್ತು ಚಿಲ್ಲರೆ ಕಿಲೋಮೀಟರ್, ಮಧ್ಯೆ ಆಗುಂಬೆ ಘಾಟಿ. ಘಾಟಿ ಇಳಿಯುವಾಗ ಈ ಗಾಡಿಯ ಮಜಾ ನೋಡಬೇಕು. ಆಕ್ಸಿಲರೇಟರ್ ಬಿಟ್ಟರೆ ಮೋಟರೇ ಡೈನಮೋ ಆಗಿ ಬ್ಯಾಟರಿಗೆ ತುಂಬಿಸುತ್ತದೆ. 14 ತಿರುವು ಇಳಿದು ಸೋಮೇಶ್ವರ ಮುಟ್ಟುವಷ್ಟರಲ್ಲಿ ಮೂರು ಪರ್ಸೆಂಟ್ ಜಾಸ್ತಿ ಆಗಿತ್ತು. ‘ಓಡಿಸಿದ್ರೆ ಏರುತ್ತಲ್ರೀ, ಪೆಟ್ರೋಲ್ ಗಾಡೀಲಿ ಹೀಗಾಗುತ್ತಾ?’ ಅಂತ ಹೆಂಡತಿಗೆ ಖುಷಿಯೋ ಖುಷಿ. ಅದೇ ಘಾಟಿ ಹತ್ತುವಾಗ ಇಪ್ಪತ್ತು ಪರ್ಸೆಂಟ್ ವಾಪಸ್ ಕಿತ್ತುಕೊಳ್ಳುತ್ತದೆ ಅನ್ನುವುದನ್ನು ನಾನು ಆಗ ಹೇಳಲಿಲ್ಲ. ದಂಪತಿಗಳ ನಡುವೆ ಖುಷಿ ಇರುವಾಗ ಭೌತಶಾಸ್ತ್ರ ತರಬಾರದು.

ಹೆಬ್ರಿ ತಲುಪಿದಾಗ ಅರ್ಧ ಚಾರ್ಜು. ಅಷ್ಟರಲ್ಲಿ ಘಾಟಿ ಹತ್ತಿ ಮನೆ ಸೇರಲು ಸಾಧ್ಯವೇ ಇಲ್ಲ. ಚಾರ್ಜರಿನ ದಪ್ಪ ಪಿನ್ನು ಕೂರುವ ಪಾಯಿಂಟ್ ಚಿಕ್ಕಮ್ಮನ ಮನೆಯಲ್ಲಿ ಇದ್ದದ್ದು ಒಂದೇ, ಅಡುಗೆಮನೆಯಲ್ಲಿ, ಗ್ರೈಂಡರ್ ಹಿಂದೆ. ವೈರು ಅಲ್ಲಿಂದ ಅಂಗಳಕ್ಕೆ ಎಟಕುವುದಿಲ್ಲ. ಚಿಕ್ಕಪ್ಪ, ನಾನು, ಪಕ್ಕದ ಮನೆಯ ಹುಡುಗ ಸೇರಿ ಸ್ಕೂಟರನ್ನು ಮೆಟ್ಟಿಲು ಹತ್ತಿಸಿ ಜಗಲಿಗೆ ತಂದೆವು. ಕಿಟಕಿಯ ಸರಳುಗಳ ನಡುವೆ ವೈರು ತೂರಿಸಿ, ಅರ್ಧ ರುಬ್ಬಿದ ದೋಸೆ ಹಿಟ್ಟನ್ನು ಹಾಗೇ ಬಿಟ್ಟು, ಗ್ರೈಂಡರ್ ಪಿನ್ನು ಕಿತ್ತು ನಮ್ಮದನ್ನು ಚುಚ್ಚಿದೆವು. ಉಪನಯನಕ್ಕೆ ಕರೆಯಲು ಬಂದ ಯಾರೋ ಇಬ್ಬರು, ಜಗಲಿ ಮೇಲೆ ಸ್ಕೂಟರ್ ನಿಂತದ್ದು ನೋಡಿ ಹೊಸ ಗಾಡಿಯ ಪೂಜೆ ಅಂದುಕೊಂಡು, ಅದರ ಮುಂದೆ ಚಪ್ಪಲಿ ಬಿಟ್ಟು ಕೈಮುಗಿದರು.

‘ಇದು ಎಷ್ಟು ಕುಡಿಯುತ್ತೆ ಮಗಾ?’ ಅಂತ ಚಿಕ್ಕಮ್ಮ ಮೆತ್ತಗೆ ಕೇಳಿದಳು.

‘ಪೂರ್ತಿ ಖಾಲಿ ಇದ್ದರೆ ಮೂರು ಯೂನಿಟ್ ಚಿಕ್ಕಮ್ಮ.’

‘ಮೂರಾ! ನಮ್ಮ ಫ್ರಿಜ್ ಮೂರು ದಿನ ನಡೀತದೆ ಮಾರಾಯ!’

ಯೂನಿಟ್‌ಗೆ ಏಳು ರೂಪಾಯಿ ಹಿಡಿದರೂ ಇಪ್ಪತ್ತೊಂದು ರೂಪಾಯಿ. ಊಟಕ್ಕೆ ಪತ್ರೊಡೆ, ಕಾಫಿಗೆ ಗೋಳಿಬಜೆ, ಹೆಂಡತಿಗೆ ರವಿಕೆ ಕಣ ಕೊಡುವ ಚಿಕ್ಕಮ್ಮನಿಗೆ ಇಪ್ಪತ್ತೊಂದು ರೂಪಾಯಿ ಲೆಕ್ಕವಲ್ಲ. ಲೆಕ್ಕ ಇರುವುದು ಗೃಹಜ್ಯೋತಿಯಲ್ಲಿ. 2023ರಲ್ಲಿ ಯೋಜನೆ ಶುರುವಾದಾಗ ಪ್ರತಿ ಮನೆಗೂ ಹಿಂದಿನ ವರ್ಷದ ಸರಾಸರಿಯ ಮೇಲೆ ಶೇಕಡಾ ಹತ್ತು ಸೇರಿಸಿ, 200 ಯೂನಿಟ್ ಮೀರದ ಹಾಗೆ, ಇಷ್ಟು ಫ್ರೀ ಅಂತ ಗೊತ್ತು ಮಾಡಿದರು. ಚಿಕ್ಕಮ್ಮನಿಗೆ ಬಂದದ್ದು 66. ಅಂದಿನಿಂದ ಅವಳ ಬಿಲ್ಲು ಸೊನ್ನೆ. ಆ ಸೊನ್ನೆಗಳನ್ನು ಒಂದೊಂದಾಗಿ ದೇವರ ಗೂಡಿನ ಕೆಳಗೆ ತಂತಿಗೆ ಪೋಣಿಸಿಟ್ಟಿದ್ದಾಳೆ. ಆ ಸಾಲಿನಲ್ಲಿ ನಮ್ಮಿಂದಾಗಿ ಒಂದು ಬಿಲ್ಲಿಗೆ ಹನ್ನೊಂದು ರೂಪಾಯಿ ಬಂದುಬಿಟ್ಟರೆ? ಬಾಯಿಬಿಟ್ಟು ಹೇಳಲಿಲ್ಲ, ಆದರೆ ಚಾರ್ಜ್ ಆಗುವ ಎರಡು ಗಂಟೆ ಹೊತ್ತೂ ಒಂದು ಕಣ್ಣು ಮೀಟರಿನ ಕಡೆಗೇ ಇತ್ತು. ನಡುವೆ ಎದ್ದು ಹೋಗಿ, ಚಿಕ್ಕಪ್ಪ ನೋಡುತ್ತಿದ್ದ ಟಿವಿ ಆಫ್ ಮಾಡಿ ಬಂದಳು. ಚಿಕ್ಕಪ್ಪ ನನ್ನನ್ನು ನೋಡಿದ ನೋಟ ಬರೆಯಲು ಬರುವುದಿಲ್ಲ.

ಈಗ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ತಿಂಗಳ ಲೆಕ್ಕ ನೋಡಿಕೊಂಡು ಚಿಕ್ಕಮ್ಮನೇ ಕರೆಯುತ್ತಾಳೆ, ಆಗ ನಾವು ಹೋಗುವುದು. ಮೊನ್ನೆ ಜುಲೈ ಮಳೆಯ ನಡುವೆ ಫೋನ್ ಬಂತು. ಧ್ವನಿಯಲ್ಲಿ ಬಹಳ ಸಂಭ್ರಮ.

‘ಮಗಾ, ನಾವು ಮದುವೆಗೆ ಅಂತ ಒಂದು ವಾರ ಮನೇಲಿರಲಿಲ್ಲ ನೋಡು, ಈ ಸಲ ಹನ್ನೊಂದು ಯೂನಿಟ್ ಉಳಿದಿದೆ! ಇವತ್ತೇ ಬಂದು ತುಂಬಿಸಿಕೊಂಡು ಹೋಗು. ಸುಮ್ನೆ ಯಾಕೆ ಹಾಳು ಮಾಡೋದು?’

ಸ್ಕೂಟರಿನಲ್ಲಿ ಇದ್ದದ್ದು ಹದಿನೆಂಟು ಪರ್ಸೆಂಟ್. ಗಾಳಿಗೆ ಮರ ಬಿದ್ದು ನಮ್ಮಲ್ಲಿ ಹಿಂದಿನ ರಾತ್ರಿಯಿಂದ ಕರೆಂಟಿಲ್ಲ. ಲೈನ್‌ಮನ್ ಯಾವುದೋ ಕಂಬದ ಮೇಲಿದ್ದರು.

‘ಇವತ್ತು ಆಗಲ್ಲ, ನಾಳೆ ಬರ್ತೀವಿ ಚಿಕ್ಕಮ್ಮ.’

‘ನಾಳೆ ಬೆಳಿಗ್ಗೆ ಮೀಟರ್ ರೀಡಿಂಗ್ ಮಾರಾಯ!’ ಅಂದಳು. ಸ್ವಲ್ಪ ಹೊತ್ತು ಯೋಚಿಸಿದಳು. ‘ಹಾಗಾದ್ರೆ ಇರಲಿ ಬಿಡು, ನಿನ್ನ ಪಾಲಿಂದು ನಾನೇ ರುಬ್ಬಿ ಇಡ್ತೇನೆ. ದೋಸೆಗೆ ಬಸ್ಸಲ್ಲಿ ಬಾ.’