ಒಂದು ಹನಿ ರಕ್ತ, ಮೈಲಿ ದೂರದ ಶಾರ್ಕ್: ಸತ್ಯಾಂಶ

ಸಮುದ್ರಕ್ಕೆ ಒಂದು ಹನಿ ರಕ್ತ ಬಿದ್ದರೆ ಮೈಲಿ ದೂರದ ಶಾರ್ಕ್ ಕೂಡಲೇ ಓಡಿಬರುತ್ತದೆ ಅನ್ನೋ ಸಂದೇಶ ಮತ್ತೆ ಮತ್ತೆ ಬರುತ್ತಿರುತ್ತದೆ. ಇದು ನಿಜವಲ್ಲ. ಶಾರ್ಕ್ ಮೂಗು ತುಂಬಾ ಚುರುಕು, ಅದು ಸರಿ. ಆದರೆ ವಾಸನೆ ತಾನಾಗಿ ಹಾರಿಬರುವುದಿಲ್ಲ, ನೀರಿನ ಹರಿವು ಅದನ್ನು ಮೂಗಿನವರೆಗೆ ಹೊತ್ತು ತರಬೇಕು, ಅಷ್ಟರಲ್ಲಿ ಆ ಹನಿ ಎಷ್ಟು ತೆಳುವಾಗಿರುತ್ತದೆ ಅಲ್ವಾ? ಬಕೆಟ್ ನೀರಿಗೆ ಒಂದು ಹನಿ ಶಾಯಿ ಬಿಟ್ಟು ನೋಡಿ. ಎಳೆ ಎಳೆಯಾಗಿ ನಿಧಾನಕ್ಕೆ ಹರಡಿ ಬಣ್ಣವೇ ಮಾಸುತ್ತದೆ.

ಸಂದೇಶದ ಜೊತೆ ಶಾರ್ಕ್ ಓಡಾಟವನ್ನು ಚುಕ್ಕೆಗಳಲ್ಲಿ ತೋರಿಸುವ ಟ್ರ್ಯಾಕಿಂಗ್ ನಕ್ಷೆ ಇದ್ದರೆ ಚುಕ್ಕೆಗಳ ದಿನಾಂಕ ನೋಡಿ. ಶಾರ್ಕ್ ಬೆನ್ನಿನ ರೆಕ್ಕೆಗೆ ಕಟ್ಟಿದ ಉಪಗ್ರಹ ಟ್ಯಾಗ್ (ಅದು ಇರುವ ಜಾಗ ತಿಳಿಸುವ ಪುಟ್ಟ ಸಾಧನ), ರೆಕ್ಕೆ ನೀರಿನಿಂದ ಮೇಲೆ ಬಂದಾಗ ಮಾತ್ರ ಸಿಗ್ನಲ್ ಕಳಿಸುತ್ತದೆ. ಎರಡು ಚುಕ್ಕೆಗಳ ನಡುವೆ ದಿನಗಟ್ಟಲೆ ಅಂತರ ಇರಬಹುದು. ಆ ಚುಕ್ಕೆಗಳು ಶಾರ್ಕ್ ಎಲ್ಲಿತ್ತು ಅಂತ ಹೇಳುತ್ತವೆ, ಯಾಕೆ ಬಂತು ಅಂತ ಅಲ್ಲ.