“ಚಿತ್ರ ಬಂತಲ್ಲ, ಇನ್ನೇನು ಬೇಕು?”

“ಚಿತ್ರ ಬಂತಲ್ಲ ಸಾರ್, ಇನ್ನೇನ್ ಬೇಕು ನಿಮ್ಗೆ?” ಎಂದು ಕೇಳಿ, ಕೇಬಲ್ಲು ಮಾರಿದ ಅಂಗಡಿಯವರು ಫೋನು ಇಟ್ಟುಬಿಟ್ಟರು. ಇದಾಗಿ ಐದು ಗಂಟೆ ಕಳೆಯಿತು. ರಾತ್ರಿ ಊಟಕ್ಕೆ ಕುಳಿತು ಅರ್ಧಕ್ಕೇ ಎದ್ದು ಬಂದೆ, ತುತ್ತು ಇಳಿಯಲಿಲ್ಲ. ಚಿಕ್ಕಪ್ಪ ಐದೂವರೆಯ ಬಸ್ಸಿಗೇ ಮಳವಳ್ಳಿಗೆ ಹೊರಟುಹೋದರು. ಇರಿ ಎಂದು ಒತ್ತಾಯಿಸುವ ಮುಖವೂ ನನಗಿರಲಿಲ್ಲ.

ಆ ಅಂಗಡಿಯ ಹೆಸರು ಬರೆಯುವುದಿಲ್ಲ. ಮಂಡ್ಯದಲ್ಲಿ ಅಂಥ ಅಂಗಡಿ ಅದೊಂದೇ ಅಲ್ಲ. ನಿನ್ನೆ ಸಂಜೆ ಅವರ ಮುಂದೆ ನಿಂತು ನಾನು ಹೇಳಿದ್ದು ಎರಡೇ ಮಾತು: ನನ್ನ ಕಂಪ್ಯೂಟರಿನ ಹಿಂಬದಿಯಲ್ಲಿ ಇರುವುದು ತೆರೆಗೆ ಚಿತ್ರ ಕಳಿಸುವ ನೀಲಿ ಬಣ್ಣದ ಹಳೆಯ ವಿಜಿಎ ಕಿಂಡಿ, ಟಿ.ವಿ.ಯಲ್ಲಿ ಇರುವುದು ಹೊಸ ಬಗೆಯ ಕಿಂಡಿಯಾದ ಎಚ್‌ಡಿಎಂಐ ಮಾತ್ರ. ಕಂಪ್ಯೂಟರಿನಲ್ಲಿರುವ ವಿಡಿಯೋವನ್ನು ಟಿ.ವಿ.ಯಲ್ಲಿ ನೋಡಬೇಕು. ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳಬೇಕು? ಒಂದು ತುದಿ ಹೀಗೆ, ಇನ್ನೊಂದು ತುದಿ ಹಾಗೆ ಇದ್ದ ಕೇಬಲ್ಲೊಂದನ್ನು ಕೊಟ್ಟು, “ಸಿಕ್ಸಿ ಸಾರ್, ಬತ್ತದೆ” ಎಂದು ನಾನೂರೈವತ್ತು ರೂಪಾಯಿ ಎಣಿಸಿಕೊಂಡರು.

ಬರಲಿಲ್ಲ. ಬೆಳಿಗ್ಗೆ ಆರು ಗಂಟೆಗೆ ಎದ್ದು ಕಂಪ್ಯೂಟರನ್ನು ಕೋಣೆಯಿಂದ ಹಜಾರಕ್ಕೆ ಹೊತ್ತು ತಂದು, ಎರಡೂ ಬದಿಯ ಸಣ್ಣ ತಿರುಪುಗಳನ್ನು ಉಗುರಿನಿಂದ ತಿರುಗಿಸಿ ಬಿಗಿಮಾಡಿ, ಟಿ.ವಿ.ಯ ಎರಡು ಎಚ್‌ಡಿಎಂಐ ಕಿಂಡಿಗಳಲ್ಲೂ ಸರದಿಯ ಮೇಲೆ ಸಿಕ್ಕಿಸಿ, ಚಿತ್ರವನ್ನು ಇನ್ನೊಂದು ತೆರೆಗೆ ಕಳಿಸಲು ವಿಂಡೋಸ್ ಗುಂಡಿಯೊಂದಿಗೆ ಪಿ ಒತ್ತಿ, ತೆರೆಯ ಅಳತೆಯನ್ನು ಇಳಿಸಿ ಏರಿಸಿ, ಹನ್ನೊಂದು ಗಂಟೆಗೆ ಚಿಕ್ಕಪ್ಪ ಬಾಗಿಲಿಗೆ ಬಂದು ಚಪ್ಪಲಿ ಬಿಡುವಾಗಲೂ ಅದೇ ಕಪ್ಪು ತೆರೆಯಲ್ಲಿ ‘ಸಿಗ್ನಲ್ ಇಲ್ಲ’ ಎಂಬ ಪೆಟ್ಟಿಗೆ ತೇಲಾಡುತ್ತಿತ್ತು. ಪೆನ್‌ಡ್ರೈವಿಗೆ ಹಾಕಿ ನೇರವಾಗಿ ಟಿ.ವಿ.ಗೆ ಚುಚ್ಚಬಾರದಿತ್ತೇ ಎಂದು ಕೇಳುವವರಿಗೆ ಮೊದಲೇ ಹೇಳುತ್ತೇನೆ: ಆ ಬಗೆಯ ಫೈಲನ್ನು ನಮ್ಮ ಟಿ.ವಿ. ತೆರೆಯುವುದಿಲ್ಲ, ಅದನ್ನೂ ನೋಡಿಯಾಗಿದೆ.

ಮಧ್ಯಾಹ್ನ ಅದೇ ಕೇಬಲ್ಲನ್ನು ಹಿಡಿದು ಮತ್ತೆ ಅಂಗಡಿಗೆ ಹೋದೆ. ಅಲ್ಲಿ ನಡೆದದ್ದೇ ಈಗಲೂ ಕಣ್ಣಮುಂದೆ ಕುಣಿಯುತ್ತಿದೆ. ಆ ಮನುಷ್ಯ ಕೇಬಲ್ಲಿನ ಒಂದು ತುದಿಯನ್ನು ಎರಡು ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದಂತೆ ಎತ್ತಿ ಹಿಡಿದು, ಅಂಗಡಿಯಲ್ಲಿದ್ದ ನಾಲ್ಕೈದು ಜನರಿಗೆ ತೋರಿಸಿ, “ಇದು ಆ ಕಡೆಯಿಂದ ಈ ಕಡೆಗೆ ಸಾರ್, ಈ ಕಡೆಯಿಂದ ಆ ಕಡೆಗಲ್ಲ. ಅಷ್ಟೂ ಗೊತ್ತಾಗಲ್ವಾ?” ಎಂದರು. ಕೊಟ್ಟವರು ನೀವೇ ಅಲ್ಲವೇ ಎಂದು ನಾನು ಬಾಯಿ ತೆರೆಯುವುದರೊಳಗೆ, “ಈ ಕಾಲದಲ್ಲೂ ವಿಜಿಎ ಇರೋ ಕಂಪ್ಯೂಟ್ರು ಇಟ್ಕೊಂಡವ್ರೆ ನೋಡ್ರಪ್ಪಾ. ಗುಜರಿಗೆ ಹಾಕಿ ಸಾರ್, ಇಲ್ಲಾ ಮನೇಲಿ ಯಾರಾದ್ರೂ ಹುಡುಗ್ರಿದ್ರೆ ಕಳ್ಸಿ” ಎಂದರು. ಎಲ್ಲರೂ ನಕ್ಕರು. ಆ ನಾಲ್ಕೈದು ಜನರಲ್ಲಿ ಒಬ್ಬ ನನ್ನ ಕೈಯಲ್ಲಿ ಓದಿದ ಹುಡುಗ. ಹತ್ತನೆಯ ತರಗತಿಯಲ್ಲಿ ಅವನಿಗೆ ವಿದ್ಯುತ್ ಪಾಠ ಮಾಡಿದವನು ನಾನು. ಅವನು ನಗಲಿಲ್ಲ. ನಮಸ್ಕಾರ ಹೇಳಬೇಕೋ ಬೇಡವೋ ತಿಳಿಯದೆ ತಲೆ ತಗ್ಗಿಸಿ ಮೊಬೈಲು ನೋಡುತ್ತ ನಿಂತ. ಅವನು ನಕ್ಕಿದ್ದರೂ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ವಿಜ್ಞಾನ ಹೇಳಿಕೊಟ್ಟವನು ಒಂದು ಮಾತೂ ಆಡದೆ, ಅಂಗಡಿಯವರು ಮುಂದಿಟ್ಟ, ವಿಜಿಎಯನ್ನು ಎಚ್‌ಡಿಎಂಐ ಆಗಿ ಮಾರ್ಪಡಿಸುವ ಸಣ್ಣ ಪೆಟ್ಟಿಗೆಯೊಂದಕ್ಕೆ ಮತ್ತೆ ಆರುನೂರು ರೂಪಾಯಿ ತೆತ್ತು ಹೊರಗೆ ಬಂದೆ. ಹಳೆಯ ಕೇಬಲ್ಲನ್ನು ವಾಪಸು ತೆಗೆದುಕೊಳ್ಳಲಿಲ್ಲ. ಬಿಲ್ಲನ್ನು ಅವರೂ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಹೊಸ ಪೆಟ್ಟಿಗೆಯಿಂದ ಚಿತ್ರವೇನೋ ಬಂತು. ಧ್ವನಿ ಬರಲಿಲ್ಲ.

ಈಗ ರಾತ್ರಿ ಕುಳಿತು ಓದಿದ ಮೇಲೆ ಎಲ್ಲವೂ ಅರ್ಥವಾಗಿದೆ. ವಿಜಿಎ 1987ರಲ್ಲಿ ಐಬಿಎಂ ತಂದ ಏರ್ಪಾಡು. ಅದರ 15 ಪಿನ್ನುಗಳಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳು ಏರಿಳಿಯುವ ವಿದ್ಯುತ್ತಾಗಿ ಹರಿಯುತ್ತವೆಯೇ ಹೊರತು ಧ್ವನಿಗೆಂದು ಒಂದು ಎಳೆಯೂ ಇಲ್ಲ. 2002ರ ಕೊನೆಗೆ ಬಂದ ಎಚ್‌ಡಿಎಂಐನಲ್ಲಿ 19 ಪಿನ್ನುಗಳು. ಅಲ್ಲಿ ಚಿತ್ರವೂ ಧ್ವನಿಯೂ ಅಂಕಿಗಳಾಗಿ ಜೊತೆಯಲ್ಲೇ ಹೋಗುತ್ತವೆ. ಒಂದನ್ನು ಇನ್ನೊಂದಾಗಿ ಮಾರ್ಪಡಿಸಲು ನಡುವೆ ಎಲೆಕ್ಟ್ರಾನಿಕ್ ಚಿಪ್ ಇರಬೇಕು, ಅದಕ್ಕೆ ವಿದ್ಯುತ್ತು ಬೇಕು, ಅದು ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ. ಮೊದಲು ಕೊಟ್ಟ ಕೇಬಲ್ಲು ಎಚ್‌ಡಿಎಂಐನಿಂದ ವಿಜಿಎಗೆ ಹೋಗುವಂಥದ್ದು, ನನಗೆ ಬೇಕಿದ್ದದ್ದು ಅದರ ತಿರುವುಮುರುವು. ಧ್ವನಿಯನ್ನು ಕಂಪ್ಯೂಟರಿನಲ್ಲಿ ಸ್ಪೀಕರು ಸಿಕ್ಕಿಸುವ ಹಸಿರು ತೂತಿನಿಂದ ಆ ಪೆಟ್ಟಿಗೆಯ ಪಕ್ಕದ ಸಣ್ಣ ದುಂಡನೆಯ ತೂತಿಗೆ ಬೇರೆ ವೈರಿನಲ್ಲಿ ಒಯ್ಯಬೇಕು. ಎರಡೂ ತುದಿಗೆ ಪಿನ್ ಇರುವ ಗೇಣುದ್ದದ ಆ ವೈರು ಪೊಟ್ಟಣದಲ್ಲಿ ಇರಲಿಲ್ಲ. ಪೊಟ್ಟಣದ ಬಾಯಿ ಮೊದಲೇ ಒಡೆದಿತ್ತು, ನಾನು ಗಮನಿಸಲಿಲ್ಲ. ಅದಕ್ಕೇ ಫೋನು ಮಾಡಿದ್ದು. ಅದಕ್ಕೇ ಆ ಉತ್ತರ ಸಿಕ್ಕಿದ್ದು.

ಇನ್ನೇನು ಬೇಕು ಎಂದು ಕೇಳಿದಿರಲ್ಲ, ಹೇಳುತ್ತೇನೆ. ಅದು 1994ರ ನನ್ನ ಮದುವೆಯ ಕ್ಯಾಸೆಟ್ಟು. ಈಚೆಗೆ ಡಿಸ್ಕಿಗೆ ಇಳಿಸಿ ಕಂಪ್ಯೂಟರಿಗೆ ಹಾಕಿಸಿದ್ದೆ. ಚಪ್ಪರದ ಕೆಳಗೆ ಅರಿಶಿನ ಹಚ್ಚುವಾಗ ಚಿಕ್ಕಮ್ಮ ಸೋಬಾನೆ ಹೇಳಿದ್ದು ಅದರಲ್ಲಿದೆ. ಅವರ ಧ್ವನಿ ಉಳಿದಿರುವುದು ಅದೊಂದರಲ್ಲೇ. ಚಿಕ್ಕಪ್ಪನ ಕಣ್ಣಿಗೆ ಮೊಬೈಲಿನ ತೆರೆ ಕಾಣುವುದಿಲ್ಲ. ಕಂಪ್ಯೂಟರಿನ ಸ್ಪೀಕರು ಕೆಟ್ಟು ಎರಡು ವರ್ಷವಾಯಿತು, ಹೆಡ್‌ಫೋನನ್ನು ಮಗಳು ಬೆಂಗಳೂರಿಗೆ ಒಯ್ದಿದ್ದಾಳೆ. ದೊಡ್ಡ ತೆರೆಯಲ್ಲಿ ಚಿಕ್ಕಮ್ಮ ಹಸಿರು ಸೀರೆ ಉಟ್ಟು, ಅರಿಶಿನದ ಬಟ್ಟಲು ಹಿಡಿದು, ಬಾಯಿ ಆಡಿಸುತ್ತಿದ್ದರು. ಚಿಕ್ಕಪ್ಪ ಕುರ್ಚಿಯನ್ನು ಟಿ.ವಿ.ಯ ಹತ್ತಿರ, ಇನ್ನೂ ಹತ್ತಿರ ಎಳೆದುಕೊಂಡು, ಬಲಗಿವಿಯನ್ನು ತೆರೆಯ ಕಡೆಗೆ ತಿರುಗಿಸಿ ಕುಳಿತರು. ತಮಗೇ ಕಿವಿ ಕೇಳಿಸುತ್ತಿಲ್ಲವೆಂದು ಭಾವಿಸಿ, “ವಸಿ ಜೋರಾಗಿ ಇಡು ಮಗ” ಎಂದರು.

ಒಂದು ಪ್ರಶ್ನೆ ಕೇಳಿ ಕೊಟ್ಟಿದ್ದರೆ ಸಾಕಿತ್ತಲ್ಲವೇ? ಎಲ್ಲಿಂದ ಎಲ್ಲಿಗೆ, ಧ್ವನಿ ಬೇಕೇ ಬೇಡವೇ ಎಂದು ಕೇಳಲು ಎಷ್ಟು ಹೊತ್ತು ಬೇಕು? ಯಾವ ದಿಕ್ಕಿಗೆ ಎಂಬುದನ್ನು ಪೊಟ್ಟಣದ ಮೇಲೆ ಕನ್ನಡದಲ್ಲಿ ಒಂದು ಸಾಲು ಅಚ್ಚು ಹಾಕಿದರೆ ಯಾರ ಗಂಟು ಹೋಗುತ್ತದೆ? ಈ ವ್ಯಾಪಾರದಲ್ಲಿರುವವರು ಯಾರಾದರೂ ಸರಿ, ಉತ್ತರ ಹೇಳಿ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಲು ಫೋನು ಕೈಗೆತ್ತಿಕೊಂಡೆ, ಮತ್ತೆ ಕೆಳಗಿಟ್ಟೆ. ಬಿಲ್ಲೇ ಇಲ್ಲದವನು ಏನೆಂದು ಹೇಳಲಿ? ಸಾವಿರದೈವತ್ತು ರೂಪಾಯಿಗೆ ಇಷ್ಟೆಲ್ಲ ಏಕೆ, ಬಿಟ್ಟುಬಿಡಿ ಎಂದು ಮನೆಯಾಕೆ ಹೇಳುತ್ತಿದ್ದಾಳೆ. ಹೌದು, ಬಿಟ್ಟುಬಿಡಬೇಕು. ಆದರೆ ಹಣದ ಮಾತಾಗಿದ್ದರೆ ಆಗಲೇ ಬಿಟ್ಟಿರುತ್ತಿದ್ದೆ.

ಆ ಅಂಗಡಿಯ ಮೆಟ್ಟಿಲನ್ನು ಇನ್ನು ಹತ್ತುವುದಿಲ್ಲ. ನಾಳೆ ಭಾನುವಾರ, ಬೇರೆ ಅಂಗಡಿಗಳ ಬಾಗಿಲು ತೆರೆದಿರುತ್ತದೋ ಇಲ್ಲವೋ. ಯಾರೂ ತೆರೆಯದಿದ್ದರೆ ಅಲ್ಲಿಗೇ ಹೋಗಿ, ಎಷ್ಟು ಹೇಳಿದರೆ ಅಷ್ಟು ಕೊಟ್ಟು ಆ ವೈರನ್ನು ತರುತ್ತೇನೆ. ಚಿಕ್ಕಪ್ಪನನ್ನು ಮತ್ತೆ ಬಸ್ಸು ಹತ್ತಿಸುವುದಿಲ್ಲ, ಕಾರು ಮಾಡಿಕೊಂಡು ಹೋಗಿ ನಾನೇ ಕರೆತರುತ್ತೇನೆ. ಅವರು ಬರುವ ಮೊದಲು ಧ್ವನಿ ಬರುತ್ತದೆಯೇ ಎಂದು ಮೂರು ಸಲ ಪರೀಕ್ಷೆ ಮಾಡಿರುತ್ತೇನೆ.