ದಯಾಮರಣದಿಂದ ದಯಮಾಡಿ ಪಾರುಮಾಡಿ

‘ದಯಾಮರಣ’ ಎಂಬ ಪದವನ್ನು ಟಂಕಿಸಿದವರ ಮನಸ್ಸಿನಲ್ಲಿ ಹಾಸಿಗೆ ಹಿಡಿದ, ಔಷಧ ನಾಟದ, ನೋವು ತಾಳಲಾರದೆ ಬಿಡುಗಡೆ ಬೇಡುವ ಜೀವವೊಂದು ಇದ್ದಿರಬೇಕು. ಆ ಪದ ಇಂದು ತಟ್ಟೆಯನ್ನು ನೆಕ್ಕಿ ಮುಗಿಸಿ, ಇನ್ನಷ್ಟು ಸಿಕ್ಕೀತೇ ಎಂದು ಬಾಲ ಅಲ್ಲಾಡಿಸುತ್ತ ಯಜಮಾನನ ಮುಖ ನೋಡುತ್ತಿರುವ ಗಟ್ಟಿಮುಟ್ಟಾದ ಸಾಕುನಾಯಿಯ ಕೊರಳಿಗೆ ಬಿದ್ದಿದೆ. ನಾಯಿಗೆ ಕಾಯಿಲೆಯಿಲ್ಲ, ಸಾಯುವ ಆಸೆಯಂತೂ ಇಲ್ಲವೇ ಇಲ್ಲ. ಇರುವುದು ಒಂದು ಆದೇಶ ಮಾತ್ರ. ಆದೇಶಕ್ಕೆ ಕೊಲೆ ಎಂಬ ಹೆಸರು ಒಗ್ಗುವುದಿಲ್ಲವಾದ್ದರಿಂದ ದಯೆಯನ್ನು ಮುಂದೆ ಮಾಡಿ ಮರಣವನ್ನು ಅದರ ಬೆನ್ನಿಗೆ ಅಡಗಿಸಲಾಗಿದೆ. ಹೀಗಾಗಿ ಸಾರ್ವಜನಿಕರು ಸರ್ಕಾರದ ಎದುರು ಕೈಮುಗಿದು ‘ದಯವಿಟ್ಟು ದಯಾಮರಣ ಕೊಡಬೇಡಿ’ ಎಂದು ಬೇಡಿಕೊಳ್ಳುವ ಪ್ರಸಂಗ ಜಗತ್ತಿನ ಯಾವುದಾದರೊಂದು ಮೂಲೆಯಲ್ಲಿ ಆಗಾಗ ನಡೆಯುತ್ತಿರುತ್ತದೆ. ಅಧಿಕಾರಿಗಳ ಸಂಕಟವನ್ನೂ ಸ್ವಲ್ಪ ಯೋಚಿಸಬೇಕು. ಕೊಂದರೂ ದಯೆ, ಬಿಟ್ಟರೂ ದಯೆ. ಯಾವ ದಯೆಯನ್ನು ಯಾವ ಕಡತದಲ್ಲಿ ಸೇರಿಸಬೇಕೆಂಬುದೇ ಅವರಿಗೆ ತೋಚದಂತಾಗಿದೆ.

ಇಂಥ ಪ್ರಕರಣಗಳಲ್ಲಿ ನಾಯಿ ಬೇಗ ಬೇಗ ಹೆಸರು ಬದಲಿಸುತ್ತದೆ ಎಂಬುದನ್ನು ಗಮನಿಸಬೇಕು. ಪಕ್ಕದ ಮನೆಯವರು ದೂರು ಕೊಡುವಾಗ ಅದು ಬರಿಯ ನಾಯಿ. ಕಚೇರಿಯ ಹೊಸ್ತಿಲು ದಾಟಿದ ಕೂಡಲೇ ಸಂಸ್ಕೃತ ಕಲಿತು ಶ್ವಾನವಾಗುತ್ತದೆ, ‘ಸದರಿ ಶ್ವಾನ’ ಎಂದು ಟಿಪ್ಪಣಿ ಹಾಳೆಯಲ್ಲಿ ಗಂಭೀರವಾಗಿ ಕುಳಿತುಕೊಳ್ಳುತ್ತದೆ. ಮನವಿಪತ್ರಕ್ಕೆ ಬರುವ ಹೊತ್ತಿಗೆ ‘ಅದು’ ಹೋಗಿ ‘ಅವನು’ ಬಂದಿರುತ್ತದೆ, ‘ನಮ್ಮ ಮಗು’ ಎಂಬ ಸಂಬಂಧ ಕುದುರಿರುತ್ತದೆ. ಕಚ್ಚಿದ್ದು ನಾಯಿ, ವಿಚಾರಣೆ ಶ್ವಾನಕ್ಕೆ, ಸಾವು ಮಗುವಿಗೆ. ಇಷ್ಟು ಚುರುಕಾಗಿ ಬಡ್ತಿ ಪಡೆದ ನೌಕರ ಯಾವ ಇಲಾಖೆಯಲ್ಲೂ ಇರಲಾರ.

ಈ ಕಲೆಯ ಶ್ರೇಷ್ಠ ಪ್ರದರ್ಶನ ನಡೆದದ್ದು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ. ಅಲ್ಲಿ ಲೆನಾಕ್ಸ್ ಎಂಬ ಸಾಕುನಾಯಿಯೊಂದನ್ನು ನಗರಾಡಳಿತದವರು 2010ರಲ್ಲಿ ಮನೆಯಿಂದ ಹಿಡಿದೊಯ್ದರು. ಅದು ಯಾರನ್ನಾದರೂ ಕಚ್ಚಿತೆಂದು ಹಿಡಿದದ್ದಲ್ಲ. ಅಳತೆಪಟ್ಟಿ ಹಿಡಿದು ನೋಡಿದಾಗ ಅದು ನಿಷೇಧಿತ ಪಿಟ್‌ಬುಲ್ ‘ಮಾದರಿ’ಗೆ ಹೊಂದುತ್ತದೆ ಎಂದು ಕಂಡುಬಂದದ್ದಕ್ಕಾಗಿ. ‘ತಳಿ’ ಎನ್ನದೆ ‘ಮಾದರಿ’ ಎಂದದ್ದರಲ್ಲಿ ಕಾನೂನಿನ ಜಾಣತನವಿದೆ. ಬ್ರಿಟನ್ನಿನಲ್ಲಿ 1991ರಲ್ಲಿ ಅಪಾಯಕಾರಿ ನಾಯಿಗಳ ಕಾಯ್ದೆ ಬಂದಾಗ ಪಿಟ್‌ಬುಲ್ ಟೆರಿಯರ್, ಜಪಾನಿನ ತೋಸಾ, ಡೋಗೊ ಅರ್ಜೆಂಟಿನೊ, ಫಿಲಾ ಬ್ರೆಸಿಲೇರೊ ಎಂಬ ನಾಲ್ಕನ್ನು ಪಟ್ಟಿಗೆ ಸೇರಿಸಲಾಯಿತು. ಆದರೆ ಮೊದಲನೆಯದನ್ನು ಅಲ್ಲಿನ ಅಧಿಕೃತ ಶ್ವಾನ ಸಂಘ ತಳಿಯೆಂದೇ ಒಪ್ಪಿರಲಿಲ್ಲ. ಕಾಗದದಲ್ಲಿ ಇಲ್ಲದ ತಳಿಯನ್ನು ನಿಷೇಧಿಸುವುದು ಹೇಗೆ? ನೋಡಲು ಹಾಗೆ ಇದ್ದರೆ ಸಾಕು ಎಂಬುದೇ ಉಪಾಯ. ಹೇಗಿದ್ದರೆ ಹಾಗೆ ಇದ್ದಂತೆ ಎಂಬುದಕ್ಕೆ ಅಮೆರಿಕದ ತಳಿಪ್ರಿಯರ ಸಂಘವೊಂದು ತನ್ನ ಖುಷಿಗೆ ರೂಪಿಸಿಕೊಂಡಿದ್ದ ವರ್ಣನೆಯನ್ನು ನ್ಯಾಯಾಲಯಗಳು ಎರವಲು ತಂದವು. ಆ ಲಕ್ಷಣಗಳಲ್ಲಿ ಸಾಕಷ್ಟು ಹೊಂದಿದರೆ ನಾಯಿ ಅಪರಾಧಿ. ತನ್ನ ನಾಯಿ ಆ ಮಾದರಿಯದಲ್ಲ ಎಂದು ಸಾಬೀತುಪಡಿಸುವ ಹೊಣೆ ಮಾತ್ರ ಸಾಕಿದವನದು. ಮನುಷ್ಯನಾಗಿ ಹುಟ್ಟಿ ಬ್ಯಾಂಕು ದೋಚಿದ್ದರೆ ಅಪರಾಧ ಸಾಬೀತಾಗುವವರೆಗೆ ನಿರಪರಾಧಿ. ನಾಯಿಯಾಗಿ ಹುಟ್ಟಿ ಅಗಲವಾದ ದವಡೆ ಪಡೆದರೆ ಹುಟ್ಟೇ ಸಾಕ್ಷಿ. ಸಾಮುದ್ರಿಕ ಶಾಸ್ತ್ರವನ್ನು ಮೂಢನಂಬಿಕೆ ಎಂದು ಜರೆಯುವವರು ಈ ಕಾಯ್ದೆಯನ್ನು ಒಮ್ಮೆ ಓದಿ ಕ್ಷಮೆ ಕೇಳಬೇಕು.

ಲೆನಾಕ್ಸ್ ಎರಡು ವರ್ಷ ಸೆರೆಯಲ್ಲಿ ಕಳೆಯಿತು. ಅದು ಯಾವ ಗಳಿಗೆಯಲ್ಲಿ ಏನು ಮಾಡೀತೆಂದು ಹೇಳಲಾಗದ ಅಪಾಯಕಾರಿ ಪ್ರಾಣಿ ಎಂದು ಒಬ್ಬ ತಜ್ಞರು ಹೇಳಿದರು. ಅಂಥದ್ದೇನೂ ಇಲ್ಲ ಎಂದು ಬೇರೆ ತಜ್ಞರು ಹೇಳಿದರು. ಮೇಲ್ಮನವಿಗಳು ಬಿದ್ದುಹೋದವು. ಅಷ್ಟರಲ್ಲಿ ಜಗತ್ತು ಎಚ್ಚೆತ್ತಿತ್ತು. ಎರಡು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಅದೇ ಹೆಸರಿನ ಬಾಕ್ಸಿಂಗ್ ಚಾಂಪಿಯನ್ ಲೆನಾಕ್ಸ್ ಲೂಯಿಸ್ ನಾಯಿಯ ಪರ ದನಿಯೆತ್ತಿದರು. ಪ್ರಾಂತದ ಪ್ರಥಮ ಸಚಿವ ಪೀಟರ್ ರಾಬಿನ್‌ಸನ್ ಬೇರೆ ದಾರಿ ಹುಡುಕಬಾರದೇ ಎಂದು ಕೇಳಿದರು. ಅಮೆರಿಕಕ್ಕೆ ಕರೆದೊಯ್ದು ಸಾಕಿಸುತ್ತೇವೆ ಎಂಬ ಆಹ್ವಾನವೂ ಬಂತು. ನಾಯಿ ದೇಶದಲ್ಲಿದ್ದರೆ ಅಪಾಯ ಎನ್ನುವವರಿಗೆ, ನಾಯಿಯನ್ನು ದೇಶದಿಂದಲೇ ಕರೆದೊಯ್ಯುತ್ತೇವೆ ಎಂಬುದಕ್ಕಿಂತ ಹಗುರವಾದ ಪರಿಹಾರ ಸಿಗುತ್ತಿತ್ತೇ? ಆದರೆ ಆಡಳಿತಕ್ಕೆ ಬೇಕಾಗಿದ್ದದ್ದು ಪರಿಹಾರವಲ್ಲ, ಕಡತದ ಮುಕ್ತಾಯ. 2012ರ ಜುಲೈ 11ರಂದು ಲೆನಾಕ್ಸ್‌ಗೆ ದಯೆ ಪಾಲಿಸಲಾಯಿತು.

ಅಷ್ಟಕ್ಕೆ ಮನವಿದಾರರನ್ನು ಹರಿಶ್ಚಂದ್ರನ ಮೊಮ್ಮಕ್ಕಳೆಂದು ಭಾವಿಸಬೇಕಾಗಿಲ್ಲ. ಒಂದು ನಾಯಿಯ ಜೀವಕ್ಕಾಗಿ ಕಣ್ಣೀರಿಟ್ಟ ಅದೇ ಕರುಣಾಳು ಗುಂಪಿನಿಂದ ಬೆಲ್‌ಫಾಸ್ಟಿನ ನಗರಾಡಳಿತದ ನೌಕರರಿಗೆ ಬೆದರಿಕೆಗಳು ಹೋದವು. ನಾಯಿಯನ್ನು ಕೊಲ್ಲಬಾರದು, ನಾಯಿ ಹಿಡಿಯುವವನನ್ನು ಬೇಕಾದರೆ ನೋಡಿಕೊಳ್ಳೋಣ ಎಂಬುದು ಅಹಿಂಸೆಯ ಒಂದು ಹೊಸ ಶಾಖೆ. ಅದರ ಅನುಯಾಯಿಗಳ ಸಂಖ್ಯೆ ದಿನೇದಿನೇ ಬೆಳೆಯುತ್ತಿದೆ. ಸಂಬಳಕ್ಕೆ ದುಡಿಯುವ ಆ ನೌಕರ ಸಂಜೆ ಮನೆಗೆ ಹೋದರೆ ಅವನ ಕಾಲಿಗೂ ಒಂದು ನಾಯಿ ಸುತ್ತಿಕೊಳ್ಳಬಹುದು ಎಂಬ ಯೋಚನೆ ಯಾರಿಗೂ ಬರುವುದಿಲ್ಲ.

ಮನವಿಪತ್ರವೆಂಬ ಸಾಹಿತ್ಯ ಪ್ರಕಾರಕ್ಕೆ ತನ್ನದೇ ಲಕ್ಷಣಗಳಿವೆ. ಮೊದಲಿಗೆ ಒಂದು ಭಾವಚಿತ್ರ ಬೇಕು. ಅದರಲ್ಲಿ ನಾಯಿಯ ತಲೆಯ ಮೇಲೆ ಹುಟ್ಟುಹಬ್ಬದ ಟೋಪಿ ಇರಬೇಕು, ಬಾಯಿ ಮುಚ್ಚಿರಬೇಕು. ಹಲ್ಲು ಕಾಣುವ ಚಿತ್ರವನ್ನು ದೂರುದಾರರ ಕಡೆಯವರು ಈಗಾಗಲೇ ಪತ್ರಿಕೆಗಳಿಗೆ ಕೊಟ್ಟಿರುತ್ತಾರೆ. ಎರಡನೆಯ ಸಾಲಿನಲ್ಲಿ ‘ಇರುವೆಗೂ ನೋವು ಮಾಡಿದವನಲ್ಲ’ ಎಂಬ ಪ್ರಮಾಣಪತ್ರ ಬರಬೇಕು. ಕಚ್ಚಿಸಿಕೊಂಡವರೊಬ್ಬರು ಇದ್ದರೆ, ಅವರು ಈ ಸಾಹಿತ್ಯದಲ್ಲಿ ಕರ್ಮಣಿ ಪ್ರಯೋಗದ ಹಿಂದೆ ಮರೆಯಾಗುತ್ತಾರೆ: ‘ಸಣ್ಣ ಘಟನೆಯೊಂದು ನಡೆಯಿತು’, ‘ಗಾಯವೆಂದು ಹೇಳಲಾಗಿದೆ’. ಹನ್ನೆರಡು ಹೊಲಿಗೆ ಬಿದ್ದ ಕೆನ್ನೆಯೂ ಒಂದು ವ್ಯಾಕರಣದ ಕೆಳಗೆ ಹೂತುಹೋಗಬಲ್ಲದು. ಸಹಿ ಹಾಕುವವರು ನಾಯಿಯನ್ನು ನೋಡಿರುವುದಿಲ್ಲ, ಆ ಊರನ್ನು ನಕ್ಷೆಯಲ್ಲಿ ತೋರಿಸಲಾರರು, ಆದೇಶವನ್ನಂತೂ ಓದಿರುವುದೇ ಇಲ್ಲ. ಆದರೂ ಆ ನಾಯಿಯ ಸ್ವಭಾವದ ಬಗ್ಗೆ ಅವರಿಗಿರುವ ಖಚಿತತೆ ತಮ್ಮ ಮನೆಯವರ ಸ್ವಭಾವದ ಬಗ್ಗೆಯೂ ಇರಲಾರದು. ಬೆರಳಿನ ಒಂದು ಒತ್ತು, ಪುಣ್ಯ ಜಮೆ. ಕುಳಿತಲ್ಲಿಂದ ಏಳದೆ ಪುಣ್ಯ ಗಳಿಸುವ ಈ ಸೌಲಭ್ಯ ನಮ್ಮ ಪೂರ್ವಿಕರಿಗೆ ಇರಲಿಲ್ಲ. ಅವರು ಪಾಪ, ಕಾಶಿಗೆ ನಡೆದೇ ಹೋಗಬೇಕಿತ್ತು.

2014ರ ಅಕ್ಟೋಬರಿನಲ್ಲಿ ಮ್ಯಾಡ್ರಿಡ್ ಪ್ರದೇಶದಲ್ಲಿ ಎಬೋಲಾ ರೋಗಿಯನ್ನು ಶುಶ್ರೂಷೆ ಮಾಡಿದ್ದ ದಾದಿಯೊಬ್ಬರಿಗೆ ಸೋಂಕು ತಗುಲಿತು. ಮನೆಯಲ್ಲಿ ಎಕ್ಸ್‌ಕ್ಯಾಲಿಬರ್ ಎಂಬ ನಾಯಿಯಿತ್ತು. ಆಡಳಿತ ನ್ಯಾಯಾಲಯದ ಅನುಮತಿ ಪಡೆದು ಅದನ್ನು ಕೊಲ್ಲಲು ಹೊರಟಿತು. ನಾಲ್ಕು ಲಕ್ಷದ ಆಸುಪಾಸು ಸಹಿಗಳು ಒಂದೆರಡು ದಿನದಲ್ಲೇ ಹರಿದುಬಂದವು, ಮನೆಯ ಮುಂದೆ ಜನ ಅಡ್ಡ ನಿಂತರು. ಅಕ್ಟೋಬರ್ 8ರಂದು ನಾಯಿಯನ್ನು ಕೊಂದು ಸುಟ್ಟರು. ನಾಯಿಗಳಲ್ಲಿ ಎಬೋಲಾ ವೈರಾಣುವಿನ ವಿರುದ್ಧ ಪ್ರತಿಕಾಯಗಳು ಕಂಡುಬಂದದ್ದು ಗ್ಯಾಬನ್ ದೇಶದ ಅಧ್ಯಯನದಿಂದ ತಿಳಿದಿತ್ತು, ಹೌದು. ಆದರೆ ಅವು ರೋಗಲಕ್ಷಣ ತೋರಿಸಿದ್ದಾಗಲಿ, ಮನುಷ್ಯರಿಗೆ ದಾಟಿಸಿದ್ದಾಗಲಿ ಕಂಡುಬಂದಿರಲಿಲ್ಲ. ಅದೇ ತಿಂಗಳು ಅಮೆರಿಕದ ಡಲ್ಲಾಸಿನಲ್ಲಿ ಮತ್ತೊಬ್ಬ ದಾದಿಗೆ ಅದೇ ರೋಗ, ಅವರ ಮನೆಯಲ್ಲೂ ಬೆಂಟ್ಲಿ ಎಂಬ ನಾಯಿ. ಅದನ್ನು ಪ್ರತ್ಯೇಕವಾಗಿಟ್ಟು, 21 ದಿನ ಕಾದು, ಪರೀಕ್ಷೆ ಮಾಡಿ, ರೋಗವಿಲ್ಲವೆಂದು ಖಚಿತವಾದ ಮೇಲೆ ನವೆಂಬರ್ 1ರಂದು ಯಜಮಾನಿಯ ಕೈಗೆ ಒಪ್ಪಿಸಿದರು. ವೈರಾಣು ಒಂದೇ, ನಾಯಿಜಾತಿ ಒಂದೇ. ಅಟ್ಲಾಂಟಿಕ್ ಸಾಗರದ ಆಚೆ ದಡದಲ್ಲಿ ವಿಜ್ಞಾನವೆಂದರೆ ಕಾಯುವುದು, ಈಚೆ ದಡದಲ್ಲಿ ಸುಡುವುದು. ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುತ್ತಿಲ್ಲ. ಆ ಸಾಂಕ್ರಾಮಿಕ ಮುಗಿಯುವ ಹೊತ್ತಿಗೆ ಪಶ್ಚಿಮ ಆಫ್ರಿಕದಲ್ಲಿ ಸತ್ತ ಮನುಷ್ಯರು 11,000ಕ್ಕೂ ಹೆಚ್ಚು. ಅವರಲ್ಲಿ ಒಬ್ಬರ ಹೆಸರಾದರೂ ಎಕ್ಸ್‌ಕ್ಯಾಲಿಬರ್‌ನಷ್ಟು ಜನರ ನಾಲಗೆಯ ಮೇಲೆ ಬಂದದ್ದು ನನಗಂತೂ ನೆನಪಿಲ್ಲ. ಅವರು ಸಕಾಲದಲ್ಲಿ ಹುಟ್ಟುಹಬ್ಬದ ಟೋಪಿ ತೊಟ್ಟು ಚಿತ್ರ ತೆಗೆಸಿಕೊಳ್ಳಬೇಕಿತ್ತು.

ಯಜಮಾನನ ಅಂತಸ್ತು ಏರಿದಂತೆ ನಾಯಿಯ ಗ್ರಹಬಲವೂ ಏರುತ್ತದೆ. 2015ರಲ್ಲಿ ಹಾಲಿವುಡ್ ನಟ ಜಾನಿ ಡೆಪ್ ಅವರ ಪಿಸ್ಟಲ್ ಮತ್ತು ಬೂ ಎಂಬ ಎರಡು ಅಂಗೈಯಗಲದ ಯಾರ್ಕ್‌ಷೈರ್ ಟೆರಿಯರ್‌ಗಳು ಖಾಸಗಿ ವಿಮಾನದಲ್ಲಿ, ಘೋಷಣಾಪತ್ರದ ಗೊಡವೆಯಿಲ್ಲದೆ, ಆಸ್ಟ್ರೇಲಿಯಕ್ಕೆ ಬಂದಿಳಿದವು. ರೇಬಿಸ್ ಕಾಲಿಡದಂತೆ ಬಾಗಿಲು ಭದ್ರಪಡಿಸಿಕೊಂಡಿರುವ ದೇಶ ಅದು. ಗುಟ್ಟು ರಟ್ಟಾದದ್ದು ಬೇಹುಗಾರರಿಂದಲ್ಲ. ಅವುಗಳ ಕೂದಲು ಕತ್ತರಿಸಿ ಸಿಂಗರಿಸಿದ ಅಂಗಡಿಯವರು ಹೆಮ್ಮೆಯಿಂದ ಚಿತ್ರ ಹಾಕಿಕೊಂಡದ್ದರಿಂದ. ಕೃಷಿ ಸಚಿವ ಬಾರ್ನಬಿ ಜಾಯ್ಸ್ ಸುಮಾರು 50 ಗಂಟೆಗಳ ಗಡುವು ಕೊಟ್ಟರು: ನಾಯಿಗಳು ಬಂದ ದಾರಿಯಲ್ಲೇ ಹಿಂದಿರುಗಬೇಕು, ಇಲ್ಲವಾದರೆ ಅದೇ ದಯೆ. ಕೂಡಲೇ ಸಹಿ ಸಂಗ್ರಹ ಆರಂಭವಾಯಿತು, ಸಹಸ್ರಾರು ಜನ ಮರುಗಿದರು. ಖಾಸಗಿ ವಿಮಾನ ಹೊಂದಿರುವ ನಾಯಿಗಾಗಿ, ತಿಂಗಳ ಕೊನೆಯಲ್ಲಿ ಬಸ್ಸಿನ ಚೀಟಿಗೆ ತಡಕಾಡುವವರೂ ಮರುಗಿದರು ಎಂಬುದು ಮಾನವಹೃದಯದ ವೈಶಾಲ್ಯಕ್ಕೆ ಸಾಕ್ಷಿ. ಗಡುವಿನೊಳಗೆ ಪಿಸ್ಟಲ್ ಮತ್ತು ಬೂ ಹಾರಿಹೋದವು. ಮರುವರ್ಷ ಪ್ರಕರಣ ನ್ಯಾಯಾಲಯಕ್ಕೆ ಬಂದಾಗ ಸುಳ್ಳು ದಾಖಲೆ ಕೊಟ್ಟದ್ದನ್ನು ಒಪ್ಪಿಕೊಂಡ ಡೆಪ್ ಅವರ ಆಗಿನ ಪತ್ನಿ ಆಂಬರ್ ಹರ್ಡ್ ಅವರಿಗೆ ಸಿಕ್ಕಿದ್ದು ಒಂದು ತಿಂಗಳ ಸನ್ನಡತೆಯ ಮುಚ್ಚಳಿಕೆ. ದಂಪತಿ ಕ್ಯಾಮೆರಾದ ಮುಂದೆ ಕುಳಿತು ಆಸ್ಟ್ರೇಲಿಯದ ಜೈವಿಕ ಸುರಕ್ಷತೆಯನ್ನು ಹೊಗಳಿದರು. ಕಾಗದದಲ್ಲಿ ಸುಳ್ಳು ಬರೆದವರು ಮನುಷ್ಯರು, ಸಾವಿನ ಗಡುವು ನಾಯಿಗಳಿಗೆ, ಸನ್ನಡತೆಯ ಪಾಠ ಮತ್ತೆ ಮನುಷ್ಯರಿಗೆ. ಬೆಲ್‌ಫಾಸ್ಟಿನ ಲೆನಾಕ್ಸ್‌ಗೆ ಕೊರತೆಯಾದದ್ದು ಸದ್ಗುಣವಲ್ಲ, ವಿಮಾನ.

ನಾಯಿಗೆ ಗಡಿಪಾರು ವಿಧಿಸಿದ ಉದಾಹರಣೆಯೂ ಇದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ತಾರೋ ಎಂಬ ಅಕಿತಾ ನಾಯಿ 1990ರ ಕ್ರಿಸ್‌ಮಸ್ ದಿನ ಯಜಮಾನರ ಬಂಧುವಾದ ಬಾಲಕಿಯ ತುಟಿಗೆ ಗಾಯ ಮಾಡಿತೆಂದು ಮರಣದಂಡನೆಗೆ ಗುರಿಯಾಯಿತು. ವ್ಯಾಜ್ಯ ನಡೆಯುತ್ತಲೇ ಹೋಯಿತು. ನಾಯಿ ಸಾವಿರಕ್ಕೂ ಹೆಚ್ಚು ದಿನ ಬಂಧನದಲ್ಲಿತ್ತು, ಸಾರ್ವಜನಿಕ ಬೊಕ್ಕಸಕ್ಕೆ ಲಕ್ಷ ಡಾಲರಿಗೂ ಹೆಚ್ಚು ಖರ್ಚಾಯಿತು. 1994ರಲ್ಲಿ ಹೊಸದಾಗಿ ಗವರ್ನರ್ ಹುದ್ದೆಗೇರಿದ ಕ್ರಿಸ್ಟೀನ್ ಟಾಡ್ ವಿಟ್‌ಮನ್ ನಾಯಿಯನ್ನು ಉಳಿಸಿ, ಮತ್ತೆಂದೂ ನ್ಯೂಜೆರ್ಸಿಗೆ ಕಾಲಿಡಕೂಡದೆಂದು ಆಜ್ಞಾಪಿಸಿದರು. ನದಿಯ ಆಚೆಗಿನ ನ್ಯೂಯಾರ್ಕಿನವರ ತುಟಿಗಳು ಹೆಚ್ಚು ಗಟ್ಟಿ ಎಂಬ ನಂಬಿಕೆಯೇ ಇದಕ್ಕೆ ಆಧಾರವಾಗಿದ್ದಿರಬೇಕು. ಮಧ್ಯಯುಗದವರು ಮೂರ್ಖರೆಂದು ನಗುವ ಮುನ್ನ 1457ರಲ್ಲಿ ಫ್ರಾನ್ಸಿನ ಸಾವಿನ್ಯಿಯಲ್ಲಿ ನಡೆದ ಮೊಕದ್ದಮೆಯನ್ನು ನೆನೆಯಬೇಕು. ಮಗುವೊಂದನ್ನು ಕೊಂದ ತಾಯಿಹಂದಿಗೆ ಅಲ್ಲಿ ಗಲ್ಲಾಯಿತು. ಜೊತೆಯಲ್ಲಿದ್ದ ಆರು ಮರಿಗಳನ್ನು ಅವುಗಳ ಎಳೆತನವನ್ನೂ ಸಾಕ್ಷ್ಯದ ಕೊರತೆಯನ್ನೂ ಪರಿಗಣಿಸಿ ಬಿಟ್ಟುಬಿಟ್ಟರು. ಹಂದಿಮರಿಯ ಮುಖದ ಅಗಲವನ್ನು ಅಳೆಯುವ ಯೋಚನೆ ಆ ಮೂರ್ಖರಿಗೆ ಹೊಳೆಯಲಿಲ್ಲ.

ಇಷ್ಟೆಲ್ಲ ಆದರೂ ನಾಯಿಯ ಕೊರಳಿನ ಸರಪಳಿಗೆ ಇನ್ನೊಂದು ತುದಿಯಿದೆ ಎಂಬುದು ಆದೇಶ ಹೊರಡಿಸುವವರ ಕಣ್ಣಿಗೂ ಮನವಿ ಬರೆಯುವವರ ಕಣ್ಣಿಗೂ ಒಂದೇ ಸಮನಾಗಿ ಕಾಣುವುದಿಲ್ಲ. ಆ ತುದಿಯಲ್ಲಿ, ಗೇಟಿಗೆ ಚಿಲಕ ಹಾಕದ, ಕಾವಲಿಗೆಂದು ಸಿಟ್ಟು ಬರಿಸಿ ಬೆಳೆಸಿದ, ‘ಹೆದರಬೇಡಿ, ಏನೂ ಮಾಡುವುದಿಲ್ಲ’ ಎಂದು ದೂರದಿಂದಲೇ ಕೂಗುವ ಒಬ್ಬ ಸಜ್ಜನ ನಿಂತಿರುತ್ತಾನೆ. ಆದೇಶ ಕೊರಳಿರುವ ತುದಿಯನ್ನು ಹಿಡಿಯುತ್ತದೆ, ಮನವಿ ಅದೇ ತುದಿಯನ್ನು ಬಿಡಿಸಲು ಎಳೆಯುತ್ತದೆ. ಸಜ್ಜನನು ಟೀವಿಯವರ ಮುಂದೆ ಕಣ್ಣೊರೆಸಿಕೊಂಡು ಮುಂದಿನ ತಿಂಗಳು ಹೊಸ ಮರಿಯೊಂದನ್ನು ತರುತ್ತಾನೆ. ನಾಯಿಗೆ ಬೀಳುವ ಶಿಕ್ಷೆಯ ಕಾಲುಭಾಗ ಇವನಿಗೆ ಬಿದ್ದರೂ ಅರ್ಧದಷ್ಟು ಮನವಿಗಳು ಹುಟ್ಟುತ್ತಲೇ ಇರಲಿಲ್ಲ. ಆದರೆ ಅವನಿಗೆ ಮತವಿದೆ.

ಬ್ರಿಟನ್ ಈಚೆಗೆ ತನ್ನ ಹಳೆಯ ನಾಲ್ಕರ ಪಟ್ಟಿಗೆ ಎಕ್ಸ್‌ಎಲ್ ಬುಲ್ಲಿ ಎಂಬ ಐದನೆಯ ಮಾದರಿಯನ್ನು ಸೇರಿಸಿತು. ಆ ನಾಯಿಗಳಿಂದ ಜನ ಸತ್ತದ್ದು ನಿಜ, ಭಯವೂ ನಿಜ. ಆದರೆ ಭಯಕ್ಕೆ ಸರ್ಕಾರ ಕಂಡುಕೊಂಡ ಮದ್ದು ಮತ್ತದೇ ಅಳತೆಪಟ್ಟಿ. ಹೆಗಲಿನ ಬಳಿ ಗಂಡಾದರೆ 51 ಸೆಂಟಿಮೀಟರ್, ಹೆಣ್ಣಾದರೆ 48 ಸೆಂಟಿಮೀಟರ್ ಎತ್ತರದಿಂದ ಸಂದೇಹ ಆರಂಭ. ಮೇಲೆ ಅಗಲ ತಲೆ, ದಪ್ಪ ಮೂಳೆ ಇತ್ಯಾದಿ. 2024ರ ಫೆಬ್ರವರಿ 1ರ ಬಳಿಕ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಿನಾಯಿತಿ ಪತ್ರವಿಲ್ಲದೆ ಅಂಥ ನಾಯಿಯನ್ನು ಇಟ್ಟುಕೊಳ್ಳುವುದು ಅಪರಾಧವಾಯಿತು. ಬದುಕಿಸಿಕೊಳ್ಳುವ ವಿನಾಯಿತಿ ಪತ್ರಕ್ಕೆ 92 ಪೌಂಡ್ 40 ಪೆನ್ಸ್ ಶುಲ್ಕ ಕಟ್ಟಬೇಕಿತ್ತು. ಗಡುವಿನೊಳಗೆ ತಾವಾಗಿಯೇ ದಯಾಮರಣ ಕೊಡಿಸಿದವರಿಗೆ ಸರ್ಕಾರವೇ 200 ಪೌಂಡ್ ಪರಿಹಾರ ಕೊಡುತ್ತಿತ್ತು. ಜೀವಕ್ಕೆ ತೆರಿಗೆ, ಸಾವಿಗೆ ಸಹಾಯಧನ ಎಂಬ ಅರ್ಥನೀತಿ ಇಷ್ಟು ಬಿಚ್ಚುಮನಸ್ಸಿನಿಂದ ಹಿಂದೆಂದೂ ಪ್ರಕಟವಾಗಿರಲಿಲ್ಲ. ಆ ನಲವತ್ತು ಪೆನ್ಸ್ ಯಾವ ಲೆಕ್ಕಕ್ಕೆ ಎಂದು ಕೇಳುವ ಮನವಿಯಿದ್ದರೆ ಸಹಿ ಹಾಕಲು ನಾನೂ ಸಿದ್ಧ.

ಈ ನಡುವೆ ನಾಯಿಗಳಿಗೆ ತರಬೇತಿ ಕೊಡುವವರು ತಮ್ಮ ಪಾಠಪಟ್ಟಿಯನ್ನು ತುಸು ಪರಿಷ್ಕರಿಸುವುದು ಒಳ್ಳೆಯದು. ‘ಬಾ’, ‘ಕೂರು’, ‘ಕೈ ಕೊಡು’ ಎಂಬ ಹಳೆಯ ಪಾಠಗಳು ಸಾಲವು. ಅಳತೆಪಟ್ಟಿ ಹಿಡಿದವರು ಬಾಗಿಲು ತಟ್ಟಿದಾಗ ಕಾಲನ್ನು ಸ್ವಲ್ಪ ಮಡಿಸಿ, ಹೆಗಲನ್ನು ಇಳಿಸಿ, 50 ಸೆಂಟಿಮೀಟರಿನಷ್ಟೇ ನಾಯಿಯಾಗಿ ನಿಲ್ಲುವುದನ್ನೂ ಕಲಿಸಬೇಕು. ಕ್ಯಾಮೆರಾ ಕಂಡರೆ ಬಾಯಿ ಮುಚ್ಚುವುದು ಎರಡನೆಯ ಪಾಠ.